ಆಲ್ಟ್-ಕಂಟ್ರಿ ನಿಜವಾಗಿ ಹುಟ್ಟಿದ್ದು ಎಲ್ಲಿ? 1990ರ ಕಥೆ ನನಗೆ ಸಾಲುತ್ತಿಲ್ಲ

ತಂತಿಮನೆ
ಆಲ್ಟ್-ಕಂಟ್ರಿ ಅಂದರೆ ಅಮೆರಿಕದ ಹಳ್ಳಿ ಹಾಡಿನಿಂದ ಬೆಳೆದ ಕಂಟ್ರಿ ಸಂಗೀತವನ್ನು ರಾಕ್ ಮತ್ತು ಪಂಕ್ (ಜೋರಾದ, ಒರಟು ರಾಕ್) ಜೊತೆ ಬೆರೆಸಿದ್ದು. ಅದರ ಬಗ್ಗೆ ಯಾರೇ ಬರೆದರೂ ಒಂದೇ ಊರಿನಿಂದ ಶುರು ಮಾಡುತ್ತಾರೆ. ಇಲಿನಾಯ್ ರಾಜ್ಯದ ಬೆಲ್‌ವಿಲ್. ಅಲ್ಲಿನ ಅಂಕಲ್ ಟುಪೆಲೋ ಬ್ಯಾಂಡ್. 1990ರಲ್ಲಿ ಬಂದ ಅವರ ಮೊದಲ ಆಲ್ಬಂ 'ನೋ ಡಿಪ್ರೆಶನ್'. ಜೇ ಫರಾರ್, ಜೆಫ್ ಟ್ವೀಡಿ, ಮೈಕ್ ಹೈಡಾರ್ನ್ ಅನ್ನೋ ಮೂವರು ಹುಡುಗರು ಪಂಕ್ ಮತ್ತು ಕಂಟ್ರಿಯನ್ನು ಬೆರೆಸಿದರು, ಹೊಸ ಸಂಗೀತ ಹುಟ್ಟಿತು. ಅಲ್ಲಿಗೆ ಕಥೆ ಮುಗೀತು.

ಆ ಆಲ್ಬಂ ನನಗೆ ತುಂಬಾ ಇಷ್ಟ. ಆದರೆ ಅದರ ಹೆಸರು ಬಂದಿದ್ದೇ ಕಾರ್ಟರ್ ಫ್ಯಾಮಿಲಿ ಅನ್ನೋ ಹಳೆಯ ಕಂಟ್ರಿ ತಂಡ 1936ರಲ್ಲಿ ಹಾಡಿದ ಹಾಡಿನಿಂದ. ಅಮೆರಿಕದಲ್ಲಿ ಕೆಲಸವಿಲ್ಲ, ದುಡ್ಡಿಲ್ಲ, ಬ್ಯಾಂಕುಗಳು ಮುಳುಗಿದ್ದ ಕಾಲ ಅದು. ಸ್ವರ್ಗದಲ್ಲಾದರೂ ಈ ಕಷ್ಟ ಇರೋದಿಲ್ಲ ಅನ್ನೋ ಭಕ್ತಿಗೀತೆ. ಐವತ್ತು ವರ್ಷ ದಾಟಿದ ಮೇಲೆ ಪಂಕ್ ಕೇಳಿ ಬೆಳೆದ ಹುಡುಗರು ಅದನ್ನು ಒಂಚೂರೂ ಅಣಕ ಇಲ್ಲದೆ ಹಾಡಿದ್ದಾರೆ. ಹಾಗಿದ್ದರೆ ಬೇರು 1990ರಲ್ಲಿದೆ ಅನ್ನೋದು ಹೇಗೆ?

ನನ್ನ ವಾದ ಇಷ್ಟು. ಕಂಟ್ರಿ ಸಂಗೀತದ ಕಂಪನಿಗಳ ಊರಾದ ನ್ಯಾಶ್‌ವಿಲ್ ಯಾವುದನ್ನು ಮಾರೋಕೆ ಆಗಲ್ಲ ಅಂತ ಬಿಟ್ಟುಬಿಡುತ್ತದೋ ಅದನ್ನು ಪ್ರತಿ ಸಲವೂ ಯಾರೋ ಹೊರಗಿನವರು ಎತ್ತಿಕೊಂಡಿದ್ದಾರೆ. 1990ರಲ್ಲಿ ಆಗಿದ್ದೂ ಅದೇ. ಅದು ಮೊದಲ ಸಲವಲ್ಲ. ನೀವೇನಂತೀರಿ?

ಬೆಂಕಿಕಡ್ಡಿ
ಇದಕ್ಕೆ ಚರ್ಚೆ ಬೇಕಾ? ಗ್ರಾಮ್ ಪಾರ್ಸನ್ಸ್. 1968. ಅವನಿದ್ದ ಬರ್ಡ್ಸ್ ಅನ್ನೋ ರಾಕ್ ಬ್ಯಾಂಡಿನ ಆಲ್ಬಂ 'ಸ್ವೀಟ್‌ಹಾರ್ಟ್ ಆಫ್ ದಿ ರೋಡಿಯೋ'. ಉದ್ದ ಕೂದಲಿನ ರಾಕ್ ಹುಡುಗರು ನ್ಯಾಶ್‌ವಿಲ್‌ಗೇ ಹೋಗಿ, ಅಲ್ಲಿನ ಸ್ಟೀಲ್ ಗಿಟಾರ್ ವಾದಕ ಲಾಯ್ಡ್ ಗ್ರೀನ್ ಅವರನ್ನು ಕೂರಿಸಿಕೊಂಡು ರೆಕಾರ್ಡ್ ಮಾಡಿದರು. ಗ್ರ್ಯಾಂಡ್ ಓಲ್ ಓಪ್ರಿ ಅನ್ನೋ ಕಂಟ್ರಿ ರೇಡಿಯೋ ಕಾರ್ಯಕ್ರಮದ ವೇದಿಕೆ ಹತ್ತಿದಾಗ ಜನ ಕೂಗಿ ಗೇಲಿ ಮಾಡಿದರು. ಪಾರ್ಸನ್ಸ್ ಹೆದರಲಿಲ್ಲ. ಹಾಡಬೇಕು ಅಂತ ಘೋಷಿಸಿದ್ದ ಹಾಡು ಬಿಟ್ಟು ತನ್ನದೇ ಹಾಡು ಹಾಡಿದ.

ಆಮೇಲೆ ಫ್ಲೈಯಿಂಗ್ ಬರೀಟೊ ಬ್ರದರ್ಸ್ ಬ್ಯಾಂಡ್. ಆಮೇಲೆ ಎಮಿಲೂ ಹ್ಯಾರಿಸ್ ಜೊತೆ ಎರಡು ಸೋಲೋ ಆಲ್ಬಂ. 1973ರಲ್ಲಿ ಜೋಶುವಾ ಟ್ರೀ ಮರುಭೂಮಿ ಹತ್ತಿರ ಸಾವು, ಬರೀ 26 ವಯಸ್ಸು. ಇಷ್ಟರಲ್ಲೇ ಎಲ್ಲಾ ಮಾಡಿಟ್ಟು ಹೋದ.

ಊರುಬಾಗಿಲು
+1. 'ಸ್ವೀಟ್‌ಹಾರ್ಟ್' ಆಗ ದೊಡ್ಡ ಹಿಟ್ ಕೂಡ ಆಗಿತ್ತು.

ಹಳೇರೇಡಿಯೋ
@ಊರುಬಾಗಿಲು, ಇಲ್ಲ. ಅಮೆರಿಕದ ಪಟ್ಟಿಯಲ್ಲಿ ಅದು 77ನೇ ಸ್ಥಾನದಿಂದ ಮೇಲೆ ಹೋಗಲಿಲ್ಲ. ರಾಕ್ ಕೇಳುವವರಿಗೆ ಅದು ತೀರಾ ಕಂಟ್ರಿ, ಕಂಟ್ರಿ ಕೇಳುವವರಿಗೆ ಅವರು ಹಿಪ್ಪಿಗಳು. ಇನ್ನೊಂದು ಮಾತು. ಪಾರ್ಸನ್ಸ್ ಹಾಡಿದ್ದ ಕೆಲವು ಹಾಡುಗಳನ್ನು ಹಳೆಯ ಕಂಪನಿಯ ಒಪ್ಪಂದದ ತಕರಾರಿನಿಂದ ಅದೇ ಬ್ಯಾಂಡಿನ ರಾಜರ್ ಮೆಗ್ವಿನ್ ದನಿಯಲ್ಲಿ ಮತ್ತೆ ಹಾಡಿಸಿದರು. ನಾವು ಕೇಳುತ್ತಾ ಬಂದ ಮೂಲ ಆಲ್ಬಂನಲ್ಲಿ ಪಾರ್ಸನ್ಸ್ ದನಿ ಅರ್ಧಂಬರ್ಧ.

ಆದರೆ ನಾನು ಇನ್ನೂ ಹಿಂದಕ್ಕೆ ಹೋಗುತ್ತೇನೆ. 1927, ಬ್ರಿಸ್ಟಲ್. ಟೆನೆಸಿ ಮತ್ತು ವರ್ಜೀನಿಯಾ ಗಡಿ ಆ ಊರಿನ ಮುಖ್ಯ ಬೀದಿಯ ಮಧ್ಯದಲ್ಲೇ ಹಾದುಹೋಗುತ್ತದೆ. ವಿಕ್ಟರ್ ಕಂಪನಿಯ ರಾಲ್ಫ್ ಪೀರ್ ಜುಲೈ ಕೊನೆಯಲ್ಲಿ ಅಲ್ಲಿ ಯಂತ್ರ ಹೂಡಿ ಕುಳಿತ. 19 ತಂಡಗಳು ಬಂದು 76 ಹಾಡು ರೆಕಾರ್ಡ್ ಮಾಡಿದವು. ಕಾರ್ಟರ್ ಫ್ಯಾಮಿಲಿ ಸಿಕ್ಕಿದ್ದು ಅಲ್ಲೇ, ಹಾಡುಗಾರ ಜಿಮ್ಮಿ ರಾಜರ್ಸ್ ಸಿಕ್ಕಿದ್ದೂ ಅಲ್ಲೇ, ಒಂದೇ ವಾರದಲ್ಲಿ. ಆ ತಂಡದ ಗಿಟಾರ್ ವಾದಕಿ ಮೇಬೆಲ್ ಕಾರ್ಟರ್‌ಗೆ ಆಗ 18 ವರ್ಷ, ತುಂಬು ಗರ್ಭಿಣಿ. ಬೆಟ್ಟದ ಕೆಟ್ಟ ರಸ್ತೆಯಲ್ಲಿ ಕಾರಿನಲ್ಲಿ ಬಂದಿದ್ದರು.

ಮೇಬೆಲ್ ನುಡಿಸುವುದನ್ನು ಗಮನ ಕೊಟ್ಟು ಕೇಳಿ. ಹೆಬ್ಬೆರಳಿನಿಂದ ದಪ್ಪ ತಂತಿಗಳ ಮೇಲೆ ರಾಗ, ಉಳಿದ ಬೆರಳಿನಿಂದ ಮೇಲಿನ ತಂತಿಗಳ ಮೇಲೆ ತಾಳ. ಒಂದೇ ಗಿಟಾರ್, ಎರಡು ಕೆಲಸ. ಅದಕ್ಕೂ ಮುಂಚೆ ಗಿಟಾರ್ ಅಂದ್ರೆ ಹೆಚ್ಚಾಗಿ ಹಿಂದೆ ನಿಂತು ತಾಳ ಹಾಕೋ ವಾದ್ಯ. ಇವತ್ತು ಯಾವ ಆಲ್ಟ್-ಕಂಟ್ರಿ ಹಾಡುಗಾರ ಒಂಟಿಯಾಗಿ ಗಿಟಾರ್ ಹಿಡಿದು ನಿಂತರೂ ಆ ಹೆಬ್ಬೆರಳು ಅಲ್ಲಿರುತ್ತದೆ. ಇದಕ್ಕಿಂತ ಗಟ್ಟಿ ಬೇರು ನನಗಂತೂ ಕಾಣಿಸುತ್ತಿಲ್ಲ.

ಬೆಂಕಿಕಡ್ಡಿ
ಅದು ಕಂಟ್ರಿ ಸಂಗೀತದ ಬೇರು. ಕೇಳಿದ್ದು ಆಲ್ಟ್-ಕಂಟ್ರಿಯದ್ದು. ಎಲ್ಲದಕ್ಕೂ 1927 ಅಂದರೆ ತೊಂಬತ್ತರ ದಶಕದ ಕಂಟ್ರಿ ತಾರೆ ಗಾರ್ತ್ ಬ್ರೂಕ್ಸ್‌ಗೂ ಅದೇ ಬೇರು ಆಯಿತಲ್ಲ?

ಹಳೇರೇಡಿಯೋ
ಹೌದು, ಬೇರು ಅದೇ. ಗಾರ್ತ್ ಬ್ರೂಕ್ಸ್ ಅದನ್ನು ಎಷ್ಟು ಉಳಿಸಿಕೊಂಡ ಅನ್ನೋದು ಬೇರೆ ಮಾತು.

ಮೂರುಕಾರ್ಡ್
ಪಂಕ್ ಬಗ್ಗೆ ಯಾರೂ ಸರಿಯಾಗಿ ಮಾತಾಡುತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಗ್ರಾಮ್ ಪಾರ್ಸನ್ಸ್‌ನಿಂದ ನೇರವಾಗಿ 1990ಕ್ಕೆ ಜಿಗಿಯೋಕೆ ಆಗಲ್ಲ. ಮಧ್ಯದಲ್ಲಿ ಇಡೀ ಎಂಬತ್ತರ ದಶಕ ಇದೆ.

ಇಲಿನಾಯ್‌ನ ಹಂದಿ ಸಾಕುವ ಕುಟುಂಬದ ಹುಡುಗ ಜೇಸನ್ ರಿಂಗನ್‌ಬರ್ಗ್ 1981ರಲ್ಲಿ ನ್ಯಾಶ್‌ವಿಲ್‌ಗೆ ಹೋಗಿ 'ಜೇಸನ್ ಅಂಡ್ ದಿ ಸ್ಕಾರ್ಚರ್ಸ್' ಕಟ್ಟಿದ. ಹಳೆಯ ಕಂಟ್ರಿ ಹಾಡುಗಾರ ಹ್ಯಾಂಕ್ ವಿಲಿಯಮ್ಸ್ ಮತ್ತು ಪಂಕ್ ಬ್ಯಾಂಡ್ ರಮೋನ್ಸ್, ಇಬ್ಬರ ಛಾಯೆಯೂ ಒಂದೇ ಹಾಡಿನಲ್ಲಿ. ಲಾಸ್ ಏಂಜಲೀಸ್‌ನಲ್ಲಿ ಎಕ್ಸ್ ಅನ್ನೋ ಪಂಕ್ ಬ್ಯಾಂಡಿನವರೇ ನಿಟ್ಟರ್ಸ್ ಅಂತ ಹಳ್ಳಿ ಹಾಡುಗಳ ಬ್ಯಾಂಡ್ ಮಾಡಿಕೊಂಡರು. ಲಾಂಗ್ ರೈಡರ್ಸ್ ಅನ್ನೋ ಬ್ಯಾಂಡ್ ಇತ್ತು. ಕಂಟ್ರಿ ಹಾಡುಗಾರ ಡ್ವೈಟ್ ಯೋಕಮ್‌ನನ್ನು ನ್ಯಾಶ್‌ವಿಲ್ ಒಳಗೆ ಬಿಟ್ಟುಕೊಳ್ಳದಿದ್ದಾಗ ಅವನು ಪಂಕ್ ಕ್ಲಬ್ಬುಗಳಲ್ಲಿ ಹಾಡಿದ, ಅಲ್ಲಿನ ಜನ ಕೇಳಿದರು.

ಇಂಗ್ಲೆಂಡಿನಲ್ಲೂ ಇದೇ. ಲೀಡ್ಸ್ ನಗರದ ಮೀಕಾನ್ಸ್ ಪಂಕ್ ಬ್ಯಾಂಡ್. 1984–85ರ ಗಣಿ ಕಾರ್ಮಿಕರ ಮುಷ್ಕರದ ಹೊತ್ತಿಗೆ ಹ್ಯಾಂಕ್ ವಿಲಿಯಮ್ಸ್ ಕಡೆಗೆ ತಿರುಗಿದರು, 'ಫಿಯರ್ ಅಂಡ್ ವಿಸ್ಕಿ' ಮಾಡಿದರು. ಸೋತವರ ಹಾಡು ಬೇಕಾಗಿತ್ತು, ಕಂಟ್ರಿಯಲ್ಲಿ ಸಿಕ್ಕಿತು. ಅದರ ಜಾನ್ ಲ್ಯಾಂಗ್‌ಫರ್ಡ್ ಆಮೇಲೆ ಶಿಕಾಗೋಗೆ ಬಂದು ಬ್ಲಡ್‌ಶಾಟ್ ರೆಕಾರ್ಡ್ಸ್ ಕಂಪನಿಯ ಸುತ್ತ ಬೆಳೆದ ಗುಂಪಿನ ದೊಡ್ಡಣ್ಣನಾದ.

ಅಂಕಲ್ ಟುಪೆಲೋನೇ ತಗೊಳ್ಳಿ. 'ನೋ ಡಿಪ್ರೆಶನ್' ರೆಕಾರ್ಡ್ ಆಗಿದ್ದು ಬಾಸ್ಟನ್‌ನ ಫೋರ್ಟ್ ಅಪಾಚಿ ಸ್ಟುಡಿಯೋದಲ್ಲಿ. ಡೈನೋಸಾರ್ ಜೂನಿಯರ್ ಬ್ಯಾಂಡಿನ ಜೆ ಮ್ಯಾಸ್ಕಿಸ್ ನುಡಿಸಿದ್ದ ಗಿಟಾರನ್ನೇ ಜೇ ಫರಾರ್ ಅಲ್ಲಿ ನುಡಿಸಿದ. ಎರಡನೇ ಆಲ್ಬಂನಲ್ಲಿ ಮಿನಿಟ್‌ಮೆನ್ ಬ್ಯಾಂಡಿನ ಡಿ. ಬೂನ್ ನೆನಪಿಗೇ ಒಂದು ಹಾಡಿದೆ. ಇವರು ಮೊದಲು ಪಂಕ್ ಹುಡುಗರು. ಪಂಕ್ ಇವರಿಗೆ ಧೈರ್ಯ ಕೊಟ್ಟಿತು, ಕಾರ್ಟರ್ ಫ್ಯಾಮಿಲಿ ಹಾಡು ಕೊಟ್ಟಿತು. ಒಂದನ್ನು ತೆಗೆದರೂ ಇನ್ನೊಂದು ನಿಲ್ಲೋದಿಲ್ಲ.

ತಂತಿಮನೆ
ಮೀಕಾನ್ಸ್ ಮತ್ತು ಮುಷ್ಕರದ ವಿಷಯ ಬಹಳ ಮುಖ್ಯ. ಟುಪೆಲೋ ಮೂರನೇ ಆಲ್ಬಂ ಕೂಡ ಹಾಗೇ ಅಲ್ವಾ? ಆರ್‌ಇಎಂ ಬ್ಯಾಂಡಿನ ಪೀಟರ್ ಬಕ್ ಜೊತೆ ಜಾರ್ಜಿಯಾದ ಏಥೆನ್ಸ್‌ನಲ್ಲಿ ಐದೇ ದಿನದಲ್ಲಿ ಮಾಡಿದ್ದು. ಆ ದಿನಗಳೇ ಅದರ ಹೆಸರು, ಮಾರ್ಚ್ 16–20, 1992. ನಿರ್ವಾಣ ಅನ್ನೋ ರಾಕ್ ಬ್ಯಾಂಡ್ ಆಗಷ್ಟೇ ದೇಶ ಗೆದ್ದಿತ್ತು, ಎಲ್ಲಾ ಕಂಪನಿಗಳು ಜೋರು ಗಿಟಾರ್ ಹುಡುಕುತ್ತಿದ್ದವು. ಇವರು ಅದೇ ಹೊತ್ತಿಗೆ ಗಣಿ ಕಾರ್ಮಿಕರ ಹಳೆಯ ಹಾಡು, ಹಳೆಯ ಕಂಟ್ರಿ ಜೋಡಿ ಲೂವಿನ್ ಬ್ರದರ್ಸ್ ಹಾಡು ಇಟ್ಟುಕೊಂಡು ಅಕೂಸ್ಟಿಕ್ ಆಲ್ಬಂ ಮಾಡಿದರು.

ಸೇಂಟ್‌ಲೂಯಿ_ಕನ್ನಡಿಗ
ಬೆಲ್‌ವಿಲ್ ನಮ್ಮನೆಯಿಂದ ಮಿಸಿಸಿಪಿ ನದಿ ದಾಟಿದರೆ ಸಿಗುತ್ತದೆ, ಕಾರಿನಲ್ಲಿ ಅರ್ಧ ಗಂಟೆ. ಆ ಊರನ್ನು ನೋಡಿದರೆ ಹಾಡುಗಳು ಬೇರೆ ಥರ ಕೇಳಿಸುತ್ತವೆ.

ಜರ್ಮನ್ ವಲಸಿಗರು ಕಟ್ಟಿದ ಊರು. ಕೆಂಪು ಇಟ್ಟಿಗೆಯ ಸಣ್ಣ ಸಣ್ಣ ಮನೆಗಳು. ಒಂದು ಕಾಲದಲ್ಲಿ ಸುತ್ತ ಕಲ್ಲಿದ್ದಲು ಗಣಿ, ಊರೊಳಗೆ ಒಲೆ ತಯಾರಿಸುವ ಕಾರ್ಖಾನೆಗಳು. ಸ್ಟ್ಯಾಗ್ ಬಿಯರ್ ತಯಾರಾಗುತ್ತಿದ್ದುದೂ ಅಲ್ಲೇ. ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಆ ಬಿಯರ್ ಕಾರ್ಖಾನೆಗೂ ಬೀಗ ಬಿತ್ತು. ಈ ಹುಡುಗರ ಹಾಡಿನಲ್ಲಿ ಕುಡಿತ, ಕಾರ್ಖಾನೆ ಶಿಫ್ಟು, ಎಲ್ಲಿಗೂ ಹೋಗೋಕೆ ಆಗದ ಬೇಸರ ಇಷ್ಟು ಯಾಕಿದೆ ಅಂತ ಕೇಳುವವರು ಆ ಬೀದಿಗಳಲ್ಲಿ ಒಮ್ಮೆ ಓಡಾಡಬೇಕು. ಕುದುರೆ, ಕೌಬಾಯ್, ಟೆಕ್ಸಸ್ ಏನೂ ಅಲ್ಲಿಲ್ಲ.

ಅವರು ಹೆಚ್ಚು ನುಡಿಸುತ್ತಿದ್ದ ಜಾಗ ಸೇಂಟ್ ಲೂಯಿಯ ಸಿಸೆರೋಸ್ ಅನ್ನೋ ಹೋಟೆಲಿನ ನೆಲಮಾಳಿಗೆ. ಹೋಟೆಲ್ ಆಮೇಲೆ ಜಾಗ ಬದಲಿಸಿತು. 1994ರ ಮೇ 1ರಂದು ಕೊನೆಯ ಕಛೇರಿ ಮಿಸಿಸಿಪಿ ನೈಟ್ಸ್‌ನಲ್ಲಿ. ಆ ಕಟ್ಟಡ ಈಗಿಲ್ಲ.

ತಂತಿಮನೆಯವರಿಗೆ ನನ್ನ ಉತ್ತರ: ಮೊದಲು ಕೆಲಸ ಹೋದ ಊರುಗಳನ್ನು ಹುಡುಕಿ. 1936ರಲ್ಲಿ ಕಾರ್ಟರ್ ಫ್ಯಾಮಿಲಿಯ ಬೆಟ್ಟಸೀಮೆ ಅಪಲಾಚಿಯಾ, 1984ರಲ್ಲಿ ಲೀಡ್ಸ್ ಇರುವ ಯಾರ್ಕ್‌ಶೈರ್, 1990ರಲ್ಲಿ ಬೆಲ್‌ವಿಲ್. ಸಂಗೀತ ಆಮೇಲೆ ಬಂತು.

ಮೂರುಕಾರ್ಡ್
ಇದಕ್ಕೆ ನನ್ನದೂ ಒಪ್ಪಿಗೆ. ಬೇಕರ್ಸ್‌ಫೀಲ್ಡ್ ಸೇರಿಸಿ. ಮೂವತ್ತರ ದಶಕದಲ್ಲಿ ಧೂಳು ಬಿರುಗಾಳಿಗೆ ಹೊಲ ಕಳೆದುಕೊಂಡು ಓಕ್ಲಹೋಮ ಕಡೆಯಿಂದ ಕ್ಯಾಲಿಫೋರ್ನಿಯಾಗೆ ಬಂದವರ ಊರು. ಮರ್ಲ್ ಹ್ಯಾಗರ್ಡ್ ಅಂಥ ಕುಟುಂಬದವನೇ. ಅವನು, ಬಕ್ ಓವೆನ್ಸ್ ಎಲ್ಲಾ ಟೆಲಿಕ್ಯಾಸ್ಟರ್ ಗಿಟಾರಿನ ಚೂಪು ಸದ್ದು ಇಟ್ಟುಕೊಂಡು, ನ್ಯಾಶ್‌ವಿಲ್‌ನ ಪಿಟೀಲು ಗುಂಪು, ಹಿನ್ನೆಲೆ ಕೋರಸ್ ಯಾವುದೂ ಬೇಡ ಅಂದರು.

ಬ್ಯಾಂಜೋಕ್ಕ
ಇಷ್ಟು ಹೊತ್ತು ಓದಿದೆ. ಬ್ರಿಸ್ಟಲ್, ಬೇಕರ್ಸ್‌ಫೀಲ್ಡ್, ಬೆಲ್‌ವಿಲ್ ಎಲ್ಲಾ ಬಂತು. ಒಬ್ಬ ಕಪ್ಪು ಸಂಗೀತಗಾರನ ಹೆಸರೂ ಬರಲಿಲ್ಲ. ಬೇರಿನ ಮಾತು ಆಡುವಾಗ ಇದು ಸಣ್ಣ ಲೋಪ ಅಲ್ಲ.

ಬ್ಯಾಂಜೋ ವಾದ್ಯದ ಮೂಲ ಪಶ್ಚಿಮ ಆಫ್ರಿಕ. ಗುಲಾಮರಾಗಿ ಬಂದವರು ಸೋರೆಬುರುಡೆ, ತೊಗಲು, ತಂತಿ ಸೇರಿಸಿ ಕಟ್ಟಿಕೊಂಡ ವಾದ್ಯ. ಕಾರ್ಟರ್ ಫ್ಯಾಮಿಲಿಯ ಎ.ಪಿ. ಕಾರ್ಟರ್ ಹಾಡು ಸಂಗ್ರಹಿಸಲು ಬೆಟ್ಟ ಬೆಟ್ಟ ತಿರುಗುವಾಗ ಜೊತೆಗಿದ್ದವರು ಲೆಸ್ಲಿ ರಿಡಲ್. ಕಪ್ಪು ಗಿಟಾರ್ ವಾದಕ, ಸಿಮೆಂಟ್ ಕಾರ್ಖಾನೆಯಲ್ಲಿ ಕಾಲು ಕಳೆದುಕೊಂಡವರು. ಎ.ಪಿ. ಸಾಹಿತ್ಯ ಬರೆದುಕೊಂಡರೆ ರಿಡಲ್ ರಾಗವನ್ನು ನೆನಪಿನಲ್ಲಿ ಹೊತ್ತು ತರುತ್ತಿದ್ದರು. ಮೇಬೆಲ್ ಕೂಡ ಅವರಿಂದ ಗಿಟಾರ್ ಕಲಿತಿದ್ದಾರೆ. ಹ್ಯಾಂಕ್ ವಿಲಿಯಮ್ಸ್‌ಗೆ ಹುಡುಗನಾಗಿದ್ದಾಗ ಪಾಠ ಹೇಳಿದವರು ಅಲಬಾಮಾದ ಬೀದಿ ಗಾಯಕ ರೂಫಸ್ ಪೇನ್. ಓಪ್ರಿಯ ಮೊದಲ ತಾರೆಗಳಲ್ಲಿ ಒಬ್ಬರು ಹಾರ್ಮೋನಿಕಾದ ಡಿಫೋರ್ಡ್ ಬೈಲಿ. 1941ರಲ್ಲಿ ಅವರನ್ನು ಕೈಬಿಟ್ಟರು. ಕಂಟ್ರಿ ಹಾಲ್ ಆಫ್ ಫೇಮ್‌ಗೆ ಸೇರಿಸಿದ್ದು 2005ರಲ್ಲಿ, ಅವರು ತೀರಿಕೊಂಡು ಎಷ್ಟೋ ವರ್ಷಗಳ ಮೇಲೆ.

ಇಪ್ಪತ್ತರ ದಶಕದಲ್ಲಿ ರೆಕಾರ್ಡ್ ಕಂಪನಿಗಳು ಎರಡು ಪಟ್ಟಿ ಮಾಡಿದವು. ಬಿಳಿಯರ ಹಳ್ಳಿ ಹಾಡು ಒಂದು ಕಡೆ, ಕಪ್ಪು ಜನರ ಹಾಡು ಇನ್ನೊಂದು ಕಡೆ. ನುಡಿಸುವವರು ಅಷ್ಟು ಬೇರೆ ಬೇರೆ ಇರಲಿಲ್ಲ. 1930ರಲ್ಲಿ ಜಿಮ್ಮಿ ರಾಜರ್ಸ್ ಜೊತೆ ಲೂಯಿ ಆರ್ಮ್‌ಸ್ಟ್ರಾಂಗ್ ಟ್ರಂಪೆಟ್ ನುಡಿಸಿದ್ದಾರೆ. ಅಂಗಡಿಯ ಅನುಕೂಲಕ್ಕೆ ಹಾಕಿದ ಗೋಡೆಯನ್ನೇ ಆಲ್ಟ್-ಕಂಟ್ರಿ ಬರಹಗಾರರು ಇತಿಹಾಸ ಅಂದುಕೊಂಡರು.

ಊರುಬಾಗಿಲು
ಸಂಗೀತದ ಚರ್ಚೆಗೆ ಇದೆಲ್ಲಾ ಯಾಕೆ ತರಬೇಕು? ಸುಮ್ನೆ ಹಾಡು ಕೇಳೋಣ.

ಬ್ಯಾಂಜೋಕ್ಕ
ಯಾರು ಯಾರಿಗೆ ಕಲಿಸಿದರು ಅನ್ನೋದೇ ಸಂಗೀತದ ಚರ್ಚೆ. ನಮ್ಮಲ್ಲಿ ಗುರುವಿನ ಹೆಸರು ಬಿಟ್ಟು ಯಾವ ಸಂಗೀತಗಾರರ ಬಗ್ಗೆ ಮಾತಾಡುತ್ತೇವೆ ಹೇಳಿ. ರಿಯಾನನ್ ಗಿಡೆನ್ಸ್ ಮತ್ತು ಗೆಳೆಯರು ಉತ್ತರ ಕ್ಯಾರೊಲಿನಾದ ಹಿರಿಯ ಪಿಟೀಲು ವಾದಕ ಜೋ ಥಾಮ್ಸನ್ ಹತ್ತಿರ ಕೂತು ಕಲಿತು, ಕ್ಯಾರೊಲಿನಾ ಚಾಕ್ಲೇಟ್ ಡ್ರಾಪ್ಸ್ ಕಟ್ಟಿದರು. ಆ ಹಾಡುಗಳನ್ನು ಕೇಳಿ ಬನ್ನಿ, ಆಮೇಲೆ ಮಾತಾಡೋಣ.

ಹಳೇರೇಡಿಯೋ
ಬ್ಯಾಂಜೋಕ್ಕ ಹೇಳಿದ್ದು ನೂರಕ್ಕೆ ನೂರು ಸರಿ. ರೇ ಚಾರ್ಲ್ಸ್ 1962ರಲ್ಲೇ ಕಂಟ್ರಿ ಹಾಡುಗಳ ಆಲ್ಬಂ ಮಾಡಿದರು, ಅದು ಪಟ್ಟಿಯಲ್ಲಿ ಮೊದಲನೇ ಸ್ಥಾನಕ್ಕೆ ಹೋಯಿತು. ಪಾರ್ಸನ್ಸ್‌ಗಿಂತ ಆರು ವರ್ಷ ಮುಂಚೆ.

ಗೋಟುವಾದ್ಯ
ಸ್ವಲ್ಪ ದಾರಿ ತಪ್ಪಿಸುತ್ತೇನೆ, ಆದರೆ ಇದೂ ಬೇರಿನ ವಿಷಯವೇ. ಕಂಟ್ರಿ ಅಂದ ಕೂಡಲೇ ಕಿವಿಗೆ ಬರೋ ಆ ಅಳುವ ಸ್ಟೀಲ್ ಗಿಟಾರ್ ಇದೆಯಲ್ಲ, ಅದು ಹವಾಯಿಯದು. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಜೋಸೆಫ್ ಕೆಕುಕು ಎಂಬ ಹುಡುಗ ತಂತಿ ಮೇಲೆ ಲೋಹದ ತುಂಡು ಜಾರಿಸಿ ನುಡಿಸೋಕೆ ಶುರು ಮಾಡಿದ. 1915ರ ಸ್ಯಾನ್ ಫ್ರಾನ್ಸಿಸ್ಕೋ ವಸ್ತುಪ್ರದರ್ಶನದ ನಂತರ ಅಮೆರಿಕ ತುಂಬಾ ಹವಾಯಿ ಹುಚ್ಚು ಹಿಡಿಯಿತು. ಕಂಟ್ರಿಗೆ ಬಂದಿದ್ದು ಹಾಗೆ. ಕಾಲಲ್ಲಿ ಪೆಡಲ್ ಒತ್ತಿ ಸ್ವರ ಬಗ್ಗಿಸುವುದು ಜನಪ್ರಿಯ ಆಗಿದ್ದು ಐವತ್ತರ ದಶಕದಲ್ಲಿ.

ಅದೇ ವಾದ್ಯ ಇನ್ನೊಂದು ದಿಕ್ಕಿನಲ್ಲಿ ನಮ್ಮ ಕಡೆಗೂ ಬಂತು. ಹವಾಯಿಯ ಟೌ ಮೋ ಕುಟುಂಬ ನಲವತ್ತರ ದಶಕದಲ್ಲಿ ಕಲ್ಕತ್ತದಲ್ಲಿ ನೆಲೆಸಿತ್ತು. ಆಮೇಲೆ ಬ್ರಿಜ್‌ಭೂಷಣ್ ಕಾಬ್ರಾ ಅದರಲ್ಲಿ ಹಿಂದೂಸ್ತಾನಿ ರಾಗ ನುಡಿಸಿದರು. ವಿಶ್ವಮೋಹನ್ ಭಟ್ ತಮ್ಮ ಮೋಹನವೀಣೆ ಮಾಡಿಕೊಂಡು ಅಮೆರಿಕದ ಗಿಟಾರ್ ವಾದಕ ರೈ ಕೂಡರ್ ಜೊತೆ 'ಎ ಮೀಟಿಂಗ್ ಬೈ ದಿ ರಿವರ್' ಮಾಡಿದರು, ಗ್ರ್ಯಾಮಿ ಬಂತು. 1995ರಲ್ಲಿ ಡೋಬ್ರೋ (ಜಾರಿಸಿ ನುಡಿಸುವ ಒಂದು ಗಿಟಾರ್) ವಾದಕ ಜೆರ್ರಿ ಡಗ್ಲಸ್ ಜೊತೆಗೂ ನುಡಿಸಿದ್ದಾರೆ. ಗೋಟುವಾದ್ಯ ಕೇಳಿ ಬೆಳೆದ ನಮ್ಮ ಕಿವಿಗೆ ಆ ಜಾರು ಹೊಸದೇನಲ್ಲ. ಕರ್ನಾಟಕ ಸಂಗೀತದ ಗಮಕ ಗೊತ್ತಿರುವವರಿಗೆ ಪೆಡಲ್ ಸ್ಟೀಲ್ ಬೇಗ ಹಿಡಿಸುತ್ತದೆ ಅನ್ನೋದು ನನ್ನ ಅನುಭವ.

ಬೆಂಕಿಕಡ್ಡಿ
ಇದು ಚೆನ್ನಾಗಿದೆ! ಬರೀಟೊ ಬ್ರದರ್ಸ್‌ನ ಸ್ನೀಕಿ ಪೀಟ್ ಪೆಡಲ್ ಸ್ಟೀಲ್‌ಗೆ ಫಝ್ ಹಾಕಿ ನುಡಿಸುತ್ತಿದ್ದರು, ರಾಕ್ ಗಿಟಾರಿನ ಥರ ಗರಗರ ಅನ್ನುತ್ತೆ. ಅವರ ಇನ್ನೊಂದು ಕೆಲಸ ಮಕ್ಕಳ ಕಾರ್ಟೂನ್‌ಗೆ ಮಣ್ಣಿನ ಗೊಂಬೆ ಆನಿಮೇಶನ್ ಮಾಡೋದು.

ಕೆಂಪುಮಣ್ಣು
ಹೆಂಗಸರ ಹೆಸರು ಮೇಬೆಲ್, ಎಮಿಲೂ, ರಿಯಾನನ್‌ಗೇ ನಿಂತಿದೆ. ಲುಸಿಂಡಾ ವಿಲಿಯಮ್ಸ್ ಎಲ್ಲಿ? 1988ರಲ್ಲಿ, ಅಂದರೆ ಟುಪೆಲೋಗೂ ಮುಂಚೆ, ಅವಳ ಆಲ್ಬಂ ಹೊರತಂದಿದ್ದು ರಫ್ ಟ್ರೇಡ್ ಅನ್ನೋ ಇಂಗ್ಲೆಂಡಿನ ಪಂಕ್ ಕಂಪನಿ. ಅಮೆರಿಕದ ದೊಡ್ಡ ಕಂಪನಿಗಳಿಗೆ ಅವಳು ರಾಕ್‌ಗೆ ಜಾಸ್ತಿ ಕಂಟ್ರಿ, ಕಂಟ್ರಿಗೆ ಜಾಸ್ತಿ ರಾಕ್. ಇಡೀ ಆಲ್ಟ್-ಕಂಟ್ರಿ ಕಥೆ ಈ ಒಂದು ಆಲ್ಬಂನಲ್ಲೇ ಇದೆ. ಹತ್ತು ವರ್ಷ ಆದ ಮೇಲೆ 'ಕಾರ್ ವೀಲ್ಸ್ ಆನ್ ಎ ಗ್ರಾವೆಲ್ ರೋಡ್'. ಲೂಯಿಸಿಯಾನಾ, ಮಿಸಿಸಿಪಿಯ ಊರುಗಳ ಹೆಸರನ್ನು ಅವಳು ಹಾಡುವ ರೀತಿ ಕೇಳಿದರೆ ಆ ಊರುಗಳಿಗೆ ನಾವೇ ಹೋಗಿಬಂದ ಹಾಗೆ ಆಗುತ್ತದೆ.

ಟೌನ್ಸ್_ಅಭಿಮಾನಿ
ಟೆಕ್ಸಸ್ ಬಿಟ್ಟರೆ ಹೇಗೆ? ಹಾಡು ಬರೆದು ಹಾಡುತ್ತಿದ್ದ ಟೌನ್ಸ್ ವ್ಯಾನ್ ಜಾಂಟ್, ಗೈ ಕ್ಲಾರ್ಕ್, ಅವರ ಹಿಂದೆ ಸ್ಟೀವ್ ಅರ್ಲ್. ಹ್ಯಾಂಕ್ ವಿಲಿಯಮ್ಸ್ ಸತ್ತಿದ್ದು 1953ರ ಜನವರಿ 1. ಟೌನ್ಸ್ ಸತ್ತಿದ್ದು 1997ರ ಜನವರಿ 1.

ಕೆಂಪುಮಣ್ಣು
ಅದು ಗೊತ್ತಿರಲಿಲ್ಲ. ಮೈ ಜುಂ ಅಂತು.

ಅಂಗಡಿಲೆಕ್ಕ
ನನ್ನದು ಬೇರೆ ಮಾತು. ಬೇರು ಎಷ್ಟೇ ಆಳ ಇರಲಿ, ಎಲ್ಲಾ ಬ್ಯಾಂಡುಗಳನ್ನು ಒಂದು ಗುಂಪು ಮಾಡಿದ್ದು ಪತ್ರಿಕೆ ಮತ್ತು ಮಾರುಕಟ್ಟೆ. 1995 ನೋಡಿ. ಗ್ರಾಂಟ್ ಆಲ್ಡೆನ್, ಪೀಟರ್ ಬ್ಲ್ಯಾಕ್‌ಸ್ಟಾಕ್ ಸಿಯಾಟಲ್‌ನಲ್ಲಿ 'ನೋ ಡಿಪ್ರೆಶನ್' ಪತ್ರಿಕೆ ಶುರು ಮಾಡಿದರು. ಅದೇ ವರ್ಷ ಗ್ಯಾವಿನ್ ಪತ್ರಿಕೆ ಅಮೆರಿಕಾನಾ ಅನ್ನೋ ಹೆಸರಿನಲ್ಲಿ ಇಂಥ ಹಾಡುಗಳ ರೇಡಿಯೋ ಪಟ್ಟಿ ತಂದಿತು. ಒಡೆದ ಟುಪೆಲೋದಿಂದ ಬಂದ ವಿಲ್ಕೊ, ಸನ್ ವೋಲ್ಟ್ ಎರಡರ ಮೊದಲ ಆಲ್ಬಂಗಳೂ ಅದೇ ವರ್ಷ. ಅದಕ್ಕೂ ಮುಂಚೆ ಮಿನಿಯಾಪೊಲಿಸ್‌ನ ಜೇಹಾಕ್ಸ್ ಇದ್ದರು, ಅವರನ್ನು ಏನಂತ ಕರೆಯಬೇಕು ಅಂತ ಅಂಗಡಿಯವರಿಗೆ ಗೊತ್ತಾಗುತ್ತಿರಲಿಲ್ಲ.

ಎದುರಿಗೆ ಏನಿತ್ತು ಅನ್ನೋದೂ ನೋಡಬೇಕು. 'ನೋ ಡಿಪ್ರೆಶನ್' ಆಲ್ಬಂ ಬಂದ ಅದೇ 1990ರಲ್ಲಿ ಗಾರ್ತ್ ಬ್ರೂಕ್ಸ್‌ನ 'ನೋ ಫೆನ್ಸಸ್' ಬಂತು. ಅಮೆರಿಕದಲ್ಲೇ ಒಂದೂವರೆ ಕೋಟಿಗೂ ಹೆಚ್ಚು ಪ್ರತಿ. ಮಾರಾಟದ ಪಟ್ಟಿ ತರುವ ಬಿಲ್‌ಬೋರ್ಡ್ ಪತ್ರಿಕೆ 1991ರಿಂದ ಅಂಗಡಿಗಳ ಬಾರ್‌ಕೋಡ್ ಲೆಕ್ಕ ಹಿಡಿಯಿತು. ಕಂಟ್ರಿ ಎಷ್ಟು ಮಾರುತ್ತದೆ ಅಂತ ಆಗ ಎಲ್ಲರಿಗೂ ಕಾಣಿಸಿತು. ದುಡ್ಡು ಕಂಡ ಮೇಲೆ ರೇಡಿಯೋ ಸಣ್ಣ ದನಿಗಳಿಗೆ ಬಾಗಿಲು ಹಾಕಿತು. ಹಳೆಯ ಕಂಟ್ರಿ ತಾರೆ ಜಾನಿ ಕ್ಯಾಶ್‌ಗೇ ರೇಡಿಯೋದಲ್ಲಿ ಜಾಗ ಇರಲಿಲ್ಲ. 1994ರಲ್ಲಿ ನಿರ್ಮಾಪಕ ರಿಕ್ ರೂಬಿನ್ ಕ್ಯಾಶ್ ಅವರನ್ನು ಒಂದು ಗಿಟಾರ್ ಕೊಟ್ಟು ಕೂರಿಸಬೇಕಾಯಿತು.

ತಂತಿಮನೆ
ಈ ಕೊನೆಯ ಮಾತು ನನ್ನ ವಾದಕ್ಕೇ ಬಲ ಕೊಡುತ್ತದೆ. ಐವತ್ತರ ಕೊನೆಯಲ್ಲಿ ನ್ಯಾಶ್‌ವಿಲ್ ನಿರ್ಮಾಪಕರಾದ ಚೆಟ್ ಆಟ್ಕಿನ್ಸ್, ಓವೆನ್ ಬ್ರಾಡ್ಲಿ ಪಿಟೀಲು, ಕೋರಸ್ ಹಾಕಿ ನಯ ಮಾಡಿದರು, ಎದುರಿಗೆ ಬೇಕರ್ಸ್‌ಫೀಲ್ಡ್ ಬಂತು. ಎಪ್ಪತ್ತರಲ್ಲಿ ಮತ್ತೆ ಬಿಗಿ ಮಾಡಿದರು, ವಿಲ್ಲಿ ನೆಲ್ಸನ್ ಟೆಕ್ಸಸ್‌ಗೆ ವಾಪಸ್ ಹೋಗಿ 1975ರಲ್ಲಿ 'ರೆಡ್ ಹೆಡೆಡ್ ಸ್ಟ್ರೇಂಜರ್' ಮಾಡಿದ. ತೊಂಬತ್ತರಲ್ಲಿ ಬೆಲ್‌ವಿಲ್. ಆದರೆ ಸೇಂಟ್ ಲೂಯಿಯವರ ಕಾರ್ಖಾನೆ, ಬ್ಯಾಂಜೋಕ್ಕನ ರಿಡಲ್ ಇಬ್ಬರನ್ನೂ ಸೇರಿಸದೆ ಇದು ಪೂರ್ತಿ ಆಗಲ್ಲ. ನ್ಯಾಶ್‌ವಿಲ್ ಬಿಟ್ಟುಬಿಟ್ಟಿದ್ದು ಬರೀ ಸದ್ದನ್ನಲ್ಲ, ಜನರನ್ನೂ.

ಹೊಸಕಿವಿ
ನಾನು ಇದ್ಯಾವುದನ್ನೂ ಕೇಳಿಲ್ಲ. ಎಲ್ಲಿಂದ ಶುರು ಮಾಡಲಿ?

ಕೆಂಪುಮಣ್ಣು
'ಕಾರ್ ವೀಲ್ಸ್'. ಬೇರೆ ಯೋಚನೆ ಬೇಡ.

ಮೂರುಕಾರ್ಡ್
ಟುಪೆಲೋ ಕೊನೆಯ ಆಲ್ಬಂ 'ಆನೋಡೈನ್', 1993. ಆಮೇಲೆ ಮೀಕಾನ್ಸ್.

ಹಳೇರೇಡಿಯೋ
ನಿಟ್ಟಿ ಗ್ರಿಟ್ಟಿ ಡರ್ಟ್ ಬ್ಯಾಂಡಿನ 1972ರ 'ವಿಲ್ ದಿ ಸರ್ಕಲ್ ಬಿ ಅನ್‌ಬ್ರೋಕನ್'. ಕ್ಯಾಲಿಫೋರ್ನಿಯಾದ ಉದ್ದ ಕೂದಲಿನ ಹುಡುಗರು, ಜೊತೆಗೆ ಮೇಬೆಲ್ ಕಾರ್ಟರ್, ಡಾಕ್ ವಾಟ್ಸನ್, ಅರ್ಲ್ ಸ್ಕ್ರಗ್ಸ್. ಹಾಡಿನ ನಡುವೆ ಅವರು ಮಾತಾಡುವುದೂ ಕೇಳಿಸುತ್ತದೆ. ಎರಡು ತಲೆಮಾರು ಒಂದೇ ಕೋಣೆಯಲ್ಲಿ.

ಊರುಬಾಗಿಲು
ಈಗಲ್ಸ್ ಬಗ್ಗೆ ಯಾರೂ ಹೇಳಲಿಲ್ಲ! ನಾವೆಲ್ಲಾ ಕಂಟ್ರಿ ರಾಕ್ ಕೇಳಿದ್ದೇ ಅವರಿಂದ.

ಬೆಂಕಿಕಡ್ಡಿ
ಬೇಡ. ಪಾರ್ಸನ್ಸ್ ಕಷ್ಟಪಟ್ಟು ಕಟ್ಟಿದ್ದನ್ನು ನಯ ಮಾಡಿ ಮಾರಿದರು. ಅವನಿಗೂ ಅವರು ಹಿಡಿಸುತ್ತಿರಲಿಲ್ಲ.

ಹಳೇರೇಡಿಯೋ
ಬರ್ನಿ ಲೆಡನ್ ಬರೀಟೊ ಬ್ರದರ್ಸ್‌ನಿಂದಲೇ ಈಗಲ್ಸ್‌ಗೆ ಹೋದವರು. ಈಗಲ್ಸ್‌ನ 1974ರ ಆಲ್ಬಂನಲ್ಲಿ ಪಾರ್ಸನ್ಸ್ ನೆನಪಿಗೆ ಹಾಡು ಬರೆದವರೂ ಅವರೇ. ಹೊರಗೆ ಹಾಕೋದು ಅಷ್ಟು ಸುಲಭ ಅಲ್ಲ.

ಬೆಂಕಿಕಡ್ಡಿ
ಲೆಡನ್ ಒಳಗೆ ಬರಲಿ. ಉಳಿದವರ ಬಗ್ಗೆ ಬೇರೆ ಚರ್ಚೆ ತೆರೆಯಿರಿ, ಅಲ್ಲಿ ಜಗಳ ಆಡೋಣ.